ಕೋಬೋ ಟೂಲ್‌ಬಾಕ್ಸ್: ಸಿಂಧುಪಾಲ್ಚೋಕ್‌ನ ಗುಡ್ಡದಲ್ಲಿ ಬಳಸಿದ ಮೇಲೆ

ಸರ್ವೆ ಕೆಲಸಕ್ಕೆ ಯಾವ ಆಪ್ ಒಳ್ಳೇದು ಅಂತ ಗೆಳೆಯರು ಆಗಾಗ ಕೇಳುತ್ತಾರೆ. ನಾನು ಹೇಳುವುದು ಒಂದೇ ಹೆಸರು, ಕೋಬೋ ಟೂಲ್‌ಬಾಕ್ಸ್. ಯಾಕೆ ಅಂತ ಹೇಳಬೇಕಾದರೆ ನೇಪಾಳದ ಒಬ್ಬ ಅಜ್ಜಿಯ ವಿಷಯ ಹೇಳಬೇಕು.

2018ರಲ್ಲಿ ನಾನು ಸಿಂಧುಪಾಲ್ಚೋಕ್ ಜಿಲ್ಲೆಯಲ್ಲಿದ್ದೆ. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಅತಿ ಹೆಚ್ಚು ಜನ ಸತ್ತ ಜಿಲ್ಲೆ ಅದು. ನೇಪಾಳದಲ್ಲಿ ಸತ್ತ ಸುಮಾರು 9,000 ಜನರಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಇಲ್ಲಿಯವರೇ. ಮನೆ ಬಿದ್ದವರಿಗೆ ಸರ್ಕಾರ 3 ಲಕ್ಷ ನೇಪಾಳಿ ರೂಪಾಯಿ ಕೊಡುತ್ತಿತ್ತು. ಮೊದಲು 50,000, ಆಮೇಲೆ 1,50,000, ಕೊನೆಗೆ 1 ಲಕ್ಷ. ಎಂಜಿನಿಯರ್ ಬಂದು ನೋಡಿ ಸರಿ ಅಂದ ಮೇಲೆ ಮುಂದಿನ ಕಂತು. ಈ ಮನೆಗಳಿಗೆ ಕೈಜೋಡಿಸಿದ್ದ ಒಂದು ಯೋಜನೆಯ ಮೌಲ್ಯಮಾಪನ ನಮ್ಮ ತಂಡಕ್ಕೆ ಸಿಕ್ಕಿತ್ತು.

ಅದು ‘ಮಾನವ ಭದ್ರತೆ’ ಯೋಜನೆ. ವಿಶ್ವಸಂಸ್ಥೆಯ 1994ರ ಮಾನವ ಅಭಿವೃದ್ಧಿ ವರದಿಯಿಂದ ಬಳಕೆಗೆ ಬಂದ ಮಾತು. ಗಡಿ ಕಾಯುವುದಷ್ಟೇ ಭದ್ರತೆ ಅಲ್ಲ, ದುಡಿಮೆ, ಊಟ, ಆರೋಗ್ಯ, ಪರಿಸರ, ಜೀವಕ್ಕೆ ರಕ್ಷಣೆ, ಸಮುದಾಯ, ರಾಜಕೀಯ ಹಕ್ಕು, ಈ ಏಳೂ ಇದ್ದರೆ ಭದ್ರತೆ ಅಂತ ಆ ವರದಿ ಹೇಳಿತು. ಮನುಷ್ಯ ಹೆದರಿಕೆ ಇಲ್ಲದೆ, ಕೊರತೆ ಇಲ್ಲದೆ ಬದುಕಬೇಕು, ಅಷ್ಟೇ. ಆದರೆ ಹೆದರಿಕೆಯನ್ನು ಅಳೆಯುವುದು ಹೇಗೆ?

ಮೊದಲು ಆಪ್ ಬಗ್ಗೆ. ಹಾರ್ವರ್ಡ್‌ನಲ್ಲಿದ್ದ ಫುಆಂಗ್ ಫಾಮ್ ಮತ್ತು ಪ್ಯಾಟ್ರಿಕ್ ವಿಂಕ್ ಇದನ್ನು ಶುರು ಮಾಡಿದವರು. ಉತ್ತರ ಉಗಾಂಡಾದಲ್ಲಿ ಯುದ್ಧದಿಂದ ನೊಂದವರ ಸಮೀಕ್ಷೆ ಮಾಡಿದ ಸಂಶೋಧಕರು. ಅದಕ್ಕೇ ಇರಬೇಕು, ಇದು ನೆಟ್‌ವರ್ಕ್ ಇಲ್ಲದ ಊರಿಗೆ ಹೇಳಿ ಮಾಡಿಸಿದ ಹಾಗಿದೆ. ಬೆಳಿಗ್ಗೆ ಫಾರ್ಮ್ ಇಳಿಸಿಕೊಂಡು ಹೊರಟರೆ ಸಾಕು, ಇಡೀ ದಿನ ಸಿಗ್ನಲ್ ಬೇಕಿಲ್ಲ. ಒಂದು ಪ್ರಶ್ನೆಗೆ ‘ಇಲ್ಲ’ ಅಂದರೆ ಅದಕ್ಕೆ ಅಂಟಿದ ಪ್ರಶ್ನೆಗಳು ಬರುವುದೇ ಇಲ್ಲ. ಸುಮ್ನೆ ಅಜ್ಜಿಯರನ್ನು ಕಾಡಿಸುವ ಹಾಗಿಲ್ಲ.

ನನಗೆ ತುಂಬಾ ಹಿಡಿಸಿದ್ದು ತಾರೀಖಿನ ವಿಷಯ. ಹಳ್ಳಿಯವರಿಗೆ ಏಪ್ರಿಲ್ 25 ಅಂದರೆ ತಲೆಗೆ ಹೋಗಲ್ಲ. ಅವರ ವಿಕ್ರಮ ಸಂವತ್ ಕ್ಯಾಲೆಂಡರಿನಲ್ಲಿ ಅದು 2072ರ ವೈಶಾಖ 12, ಶನಿವಾರ. ಫಾರ್ಮ್‌ನಲ್ಲಿ ಒಂದು ಪದ ಸೇರಿಸಿದರೆ ಆ ಕ್ಯಾಲೆಂಡರೇ ತೆರೆದುಕೊಳ್ಳುತ್ತದೆ. ಎಷ್ಟು ದೊಡ್ಡ ಉಪಕಾರ ಅಂತ ತಾರೀಖು ಪರಿವರ್ತಿಸಿ ಸುಸ್ತಾದವರಿಗೇ ಗೊತ್ತು.

ಈಗ ಆ ಅಜ್ಜಿ. ಎಲ್ಲರೂ ‘ಆಮಾ’ ಅಂತ ಕರೆಯುತ್ತಿದ್ದರು, ನೇಪಾಳಿಯಲ್ಲಿ ಅಮ್ಮ ಅಂತ. ಹೊಸ ಮನೆ ಒಂದೇ ಕೋಣೆ, ಕಲ್ಲಿನ ಗೋಡೆ, ನಡುನಡುವೆ ಸಿಮೆಂಟ್ ಪಟ್ಟಿ. ನಮ್ಮ ಫಾರ್ಮ್ ಕೇಳಿತು: ಮನೆ ಮುಗಿದಿದೆಯಾ? ಹೌದು. ಮೂರನೇ ಕಂತು ಬಂತಾ? ಬಂತು. ನಿಯಮದ ಪ್ರಕಾರ ಕಟ್ಟಿದ್ದಾ? ಹೌದು. ಎಲ್ಲ ಹಸಿರು ಟಿಕ್. ಫೋಟೊ ತೆಗೆಯಲು ಬಾಗಿಲು ತಳ್ಳಿದರೆ ಒಳಗೆ ಎರಡು ಆಡು, ಮೂಲೆಯಲ್ಲಿ ಜೋಳದ ತೆನೆಯ ರಾಶಿ. ಆಮಾ ಮಲಗುತ್ತಿದ್ದದ್ದು ಪಕ್ಕದ ತಗಡಿನ ಶೆಡ್ಡಿನಲ್ಲಿ. ಮೂರು ವರ್ಷದಿಂದ ಅಲ್ಲೇ. “ತಗಡು ಮೈಮೇಲೆ ಬಿದ್ದರೆ ಏಳಬಹುದು ಮಗಾ. ಕಲ್ಲು ಬಿದ್ದರೆ ಏಳೋಕಾಗುತ್ತಾ?” ಅಂದರು.

ನಮ್ಮ ಲೆಕ್ಕದಲ್ಲಿ ಆಮಾ ‘ಸುರಕ್ಷಿತ’. ರಾತ್ರಿ ಎಲ್ಲಿ ಮಲಗುತ್ತೀರಿ ಅಂತ ನಾವು ಕೇಳಿರಲೇ ಇಲ್ಲ. ತಪ್ಪು ಆಪ್‌ನದಲ್ಲ, ಪ್ರಶ್ನೆ ಬರೆದ ನಮ್ಮದು. ಇವತ್ತಿಗೂ ಅದು ನನ್ನನ್ನು ಕೊರೆಯುತ್ತದೆ.

ಕಾಗದದ ಫಾರ್ಮ್ ಆಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮತ್ತೆ ಪ್ರಿಂಟ್ ಹಾಕಿಸಲು ಕಾಠ್ಮಂಡುವಿಗೆ ಯಾರು ಓಡುತ್ತಾರೆ? ಜಿಲ್ಲಾ ಕೇಂದ್ರ ಚೌತಾರಾದ ಲಾಡ್ಜ್‌ನಲ್ಲಿ ಅವತ್ತು ರಾತ್ರಿ ಕೂತು ಮೂರು ಪ್ರಶ್ನೆ ಸೇರಿಸಿದೆವು. ನಿನ್ನೆ ರಾತ್ರಿ ಎಲ್ಲಿ ಮಲಗಿದ್ರಿ? ಹೊಸ ಮನೆ ಯಾವುದಕ್ಕೆ ಬಳಸ್ತೀರಿ? ಮಲಗೋಕೆ ಭಯ ಆಗುತ್ತಾ, ಯಾಕೆ? ಕೊನೆಯದಕ್ಕೆ ಆಯ್ಕೆಗಳೇ ಇಲ್ಲ, ಅವರ ಮಾತನ್ನೇ ಒಪ್ಪಿಗೆ ಕೇಳಿ ರೆಕಾರ್ಡ್ ಮಾಡುವ ಹಾಗೆ ಇಟ್ಟೆವು. ಕೋಬೋದಲ್ಲಿ ಧ್ವನಿಯೂ ಒಂದು ಉತ್ತರವೇ. ಬೆಳಿಗ್ಗೆ ಚಹಾ ಕುಡಿಯುವಷ್ಟರಲ್ಲಿ ಹೊಸ ಫಾರ್ಮ್ ಎಲ್ಲರ ಫೋನಿನಲ್ಲಿತ್ತು. ಮೊದಲು ಆಮಾ ಮನೆಗೇ ಹೋದೆವು. ವರದಿಯಲ್ಲಿ ‘ಕಟ್ಟಿದ ಮನೆ’ ಒಂದು ಕಾಲಂ, ‘ವಾಸವಿರುವ ಮನೆ’ ಇನ್ನೊಂದು ಕಾಲಂ ಆಯಿತು. ಎರಡು ಸಂಖ್ಯೆ ಒಂದೇ ಇರಲಿಲ್ಲ.

ಬಳಸುವವರಿಗೆ ಕೆಲವು ಮಾತು. ಜಿಪಿಎಸ್ ಹಿಡಿಯಲು ಅಂಗಳಕ್ಕೆ ಬನ್ನಿ, ಮನೆಯೊಳಗೆ ತಡವಾಗುತ್ತದೆ. ಪ್ರಶ್ನೆ ಬದಲಿಸಿದರೆ ಎಲ್ಲ ಫೋನಿನಲ್ಲೂ ಹೊಸ ಫಾರ್ಮ್ ಇಳಿದಿದೆಯಾ ಅಂತ ನೀವೇ ಕೈಯಲ್ಲಿ ಹಿಡಿದು ನೋಡಿ. ಸಿಗ್ನಲ್ ಸಿಕ್ಕ ತಕ್ಷಣ ಕಳಿಸಿಬಿಡಿ. ಕಳಿಸುವ ಮೊದಲು ಫೋನ್ ಹೊಳೆಗೆ ಬಿದ್ದರೆ ಉತ್ತರಗಳೂ ಹೋದವು. ಧ್ವನಿ ಫೈಲುಗಳು ಜಾಗ ಜಾಸ್ತಿ ತಿನ್ನುತ್ತವೆ, ಅವನ್ನು ಕೇಳಿ ಬರೆದುಕೊಳ್ಳಲು ಜನ ಬೇಕು, ಅದಕ್ಕೆ ಬಜೆಟ್‌ನಲ್ಲಿ ಮೊದಲೇ ದುಡ್ಡು ಇಡಿ. ಐಫೋನ್ ಇದ್ದವರು ಬ್ರೌಸರ್‌ನಲ್ಲಿ ತುಂಬಬೇಕು, ಫೋನಿನಲ್ಲಿ ಫಾರ್ಮ್ ತುಂಬುವ ಇದರ ಆಪ್ ‘ಕೋಬೋ ಕಲೆಕ್ಟ್’ ಆಂಡ್ರಾಯ್ಡ್‌ಗೆ ಮಾತ್ರ.

ಸಣ್ಣ ಸಂಸ್ಥೆಗಳಿಗೆ ಉಚಿತ ಪ್ಲಾನ್ ಇದೆ, ತುಂಬಿದ ಫಾರ್ಮ್‌ಗಳನ್ನು ತಿಂಗಳಿಗೆ ಇಷ್ಟೇ ಕಳಿಸಬಹುದು ಅಂತ ಮಿತಿ ಇರುತ್ತದೆ. ಒಂದೇ ಫಾರ್ಮ್‌ನಲ್ಲಿ ಹಲವು ಭಾಷೆ ಇಡಬಹುದು, ಕನ್ನಡವೂ ಚೆನ್ನಾಗಿ ಕೂರುತ್ತದೆ. ನನ್ನ ಕಡೆಯಿಂದ ಐದಕ್ಕೆ ಐದು.