ವಿ911ಎಸ್ ಹೆಲಿಕಾಪ್ಟರ್: ಹಾರಿಸುವ ಮೊದಲು ಅರ್ಧ ಗಂಟೆ ಮೇಜಿನ ಮೇಲಿಡಿ

ಡಬ್ಬದ ಮೇಲೆ 'ರೆಡಿ ಟು ಫ್ಲೈ' ಅಂತ ಬರೆದಿರುವುದನ್ನು ಪೂರ್ತಿ ನಂಬಬೇಡಿ. ಡಬ್ಲ್ಯುಎಲ್‌ಟಾಯ್ಸ್ ಕಂಪನಿಯ ವಿ911ಎಸ್ ಕಲಿಯುವವರಿಗೆ ಒಳ್ಳೆಯ ಪುಟ್ಟ ರಿಮೋಟ್ ಹೆಲಿಕಾಪ್ಟರ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಡಬ್ಬ ಬಿಚ್ಚಿದ ಕೂಡಲೇ ಥ್ರಾಟಲ್ (ಬ್ಲೇಡಿನ ವೇಗ ಹೆಚ್ಚು ಕಡಿಮೆ ಮಾಡುವ ಸ್ಟಿಕ್) ಏರಿಸಿದರೆ ಮೊದಲ ಚಾರ್ಜ್ ಮುಗಿಯುವುದರೊಳಗೆ ಬ್ಲೇಡ್ ಮುರಿದುಕೊಳ್ಳುವ ಸಾಧ್ಯತೆಯೇ ಹೆಚ್ಚು.

ಇದು ನಾಲ್ಕು ಚಾನೆಲ್‌ನ (ಏರಿಳಿತ, ತಿರುವು, ಹಿಂದೆ-ಮುಂದೆ, ಅಕ್ಕಪಕ್ಕ) ಫಿಕ್ಸ್ಡ್ ಪಿಚ್ ಹೆಲಿ. ದೊಡ್ಡ ಹೆಲಿಗಳಲ್ಲಿ ಬ್ಲೇಡಿನ ಓರೆ ಬದಲಿಸಿ ಏರಿಳಿಸುತ್ತಾರೆ, ಇದರಲ್ಲಿ ತಿರುಗುವ ವೇಗವೊಂದೇ ಗತಿ. ಹಾಗಾಗಿ ಥ್ರಾಟಲ್ ಒತ್ತಿದ ಮೇಲೆ ಹೆಲಿ ಏರಲು ಅರೆಕ್ಷಣ ತಡವಾಗುತ್ತದೆ. ಹೊಸಬರು ಆ ತಡ ನೋಡಿ ಇನ್ನಷ್ಟು ಒತ್ತುತ್ತಾರೆ, ಹೆಲಿ ಸೀದಾ ಸೂರಿಗೆ ಬಡಿಯುತ್ತದೆ. ಐಲೆರಾನ್ ಎಂದರೆ ಪಕ್ಕಕ್ಕೆ ವಾಲಿಸುವ ನಿಯಂತ್ರಣ. ಜಾಹೀರಾತಿನಲ್ಲಿ 'ನಾನ್-ಐಲೆರಾನ್' ಎಂದಿರುವುದನ್ನು ಕಂಡು ಪಕ್ಕಕ್ಕೆ ಹೋಗುವುದಿಲ್ಲವೇನೋ ಅಂದುಕೊಳ್ಳಬೇಡಿ, ಚೆನ್ನಾಗಿಯೇ ಹೋಗುತ್ತದೆ. ಚೀನೀ ಭಾಷೆಯಲ್ಲಿ ಫ್ಲೈಬಾರ್‌ಗೆ ಹೇಳುವ ಮಾತು ಅನುವಾದದಲ್ಲಿ ಐಲೆರಾನ್ ಆಗಿಬಿಟ್ಟಿದೆ. ಬ್ಲೇಡಿನ ಮೇಲೆ ಅಡ್ಡಕಡ್ಡಿ ಇಲ್ಲ, ಅದರ ಕೆಲಸವನ್ನು ಆರು ಅಕ್ಷದ ಗೈರೋ (ಹೆಲಿಯ ಅಲುಗಾಟ ಅಳೆಯುವ ಸಂವೇದಕ) ಮಾಡುತ್ತದೆ ಎಂದಷ್ಟೇ ಅದರರ್ಥ.

ಆ ಗೈರೋ ಸ್ಟಿಕ್ ಬಿಟ್ಟಾಗ ಹೆಲಿಯನ್ನು ಮಟ್ಟಕ್ಕೆ ತರುತ್ತದೆ, ನಿಂತಲ್ಲೇ ನಿಲ್ಲಿಸುವುದಿಲ್ಲ. ಜಾರುವುದನ್ನು ನೀವೇ ಹಿಡಿಯಬೇಕು, ಎತ್ತರವನ್ನೂ ನೀವೇ ಕಾಯಬೇಕು. ಇಷ್ಟೆಲ್ಲ ತಾಪತ್ರಯ ಬೇಡ, ಮೊದಲ ದಿನವೇ ಗಾಳಿಯಲ್ಲಿ ನಿಂತರೆ ಸಾಕು ಅನ್ನುವವರಿಗೆ ಸಿ186 ಎಂಬ ಇನ್ನೊಂದು ಹೆಲಿ ಇದೆ. ಬಿಒ-105 ಹೆಲಿಕಾಪ್ಟರಿನ ಆಕಾರ, 350 ಎಂಎಎಚ್ ಬ್ಯಾಟರಿ, ಗಾಳಿಯ ಒತ್ತಡ ಅಳೆದು ಎತ್ತರ ಕಾಯುವ ವ್ಯವಸ್ಥೆ. ಮಕ್ಕಳಿಗೆ ಅದೇ ವಾಸಿ. ಮುಂದೆ ದೊಡ್ಡ ಹೆಲಿಗೆ ಹೋಗುವ ಆಸೆಯಿದ್ದವರು ವಿ911ಎಸ್ ತಗೊಳ್ಳಿ. ಥ್ರಾಟಲ್ ಮೇಲೆ ಕೈ ಕೂರುವುದು ಇದರಲ್ಲೇ.

ಮೇಜಿನ ಕೆಲಸಕ್ಕೆ ಬೇಕಾದ್ದು ಚಿಕ್ಕ ಸ್ಟಾರ್ ಸ್ಕ್ರೂಡ್ರೈವರ್, ಚಿಮಟ, ಒಂದು ಗಾಜಿನ ತುಂಡು. ರಿಮೋಟಿಗೆ ನಾಲ್ಕು ಎಎ ಸೆಲ್ ಬೇಕು, ಡಬ್ಬದಲ್ಲಿ ಬರುವುದಿಲ್ಲ.

ಬ್ಲೇಡಿನ ಸ್ಕ್ರೂ ಮೊದಲು ನೋಡಿ. ಹೆಲಿಯನ್ನು ಪಕ್ಕಕ್ಕೆ ಮಲಗಿಸಿ ಹಿಡಿದಾಗ ಬ್ಲೇಡ್ ತಾನಾಗಿ ಜೋತುಬೀಳಬಾರದು, ಮೆಲ್ಲಗೆ ಕುಲುಕಿದರೆ ಮಾತ್ರ ಸರಿಯಬೇಕು. ಪೂರ್ತಿ ಬಿಗಿದರೆ ಎರಡು ಬ್ಲೇಡೂ ಒಂದೇ ಗೆರೆಗೆ ಬರಲಾಗದೆ ಹೆಲಿ ನಡುಗುತ್ತದೆ. ಆ ನಡುಕ ಗೈರೋಗೆ ತಪ್ಪು ಲೆಕ್ಕ ಕೊಡುತ್ತದೆ, ಆಮೇಲೆ ಎಷ್ಟು ಟ್ರಿಮ್ ಮಾಡಿದರೂ (ರಿಮೋಟಿನ ಗುಂಡಿ ಒತ್ತಿ ಜಾರುವುದನ್ನು ಸರಿಪಡಿಸಿದರೂ) ನಿಲ್ಲುವುದಿಲ್ಲ. ತುದಿ ಕಿತ್ತ ಬ್ಲೇಡನ್ನು ಒಂಟಿಯಾಗಿ ಬದಲಿಸಬೇಡಿ, ಜೋಡಿಯನ್ನೇ ಬದಲಿಸಿ.

ಈಗ ಹೆಲಿಯನ್ನು ಮಟ್ಟವಾದ ಜಾಗದಲ್ಲಿಟ್ಟು, ಥ್ರಾಟಲ್ ಪೂರ್ತಿ ಕೆಳಗಿಳಿಸಿ, ಮೊದಲು ರಿಮೋಟ್ ಆನ್ ಮಾಡಿ, ನಂತರ ಬ್ಯಾಟರಿಯ ಪ್ಲಗ್ ಸಿಕ್ಕಿಸಿ. ದೀಪ ಮಿನುಗುವುದು ನಿಲ್ಲುವ ತನಕ ಕೈ ಹಚ್ಚಬೇಡಿ. ಆಗ ಅಲುಗಾಡಿದರೆ ಗೈರೋ ಆ ಅಲುಗಾಟವನ್ನೇ ಸೊನ್ನೆ ಎಂದು ಹಿಡಿದುಕೊಳ್ಳುತ್ತದೆ. ತಾರಸಿಯ ಮೇಲೆ ಈ ಕೆಲಸ ಬೇಡ. ಮಳೆನೀರು ಹರಿಯಲೆಂದು ನಮ್ಮ ತಾರಸಿಗಳಿಗೆ ಕೊಟ್ಟಿರುವ ಇಳಿಜಾರು ಕಣ್ಣಿಗೆ ಕಾಣದಿದ್ದರೂ ಗೈರೋಗೆ ಕಾಣುತ್ತದೆ.

ಥ್ರಾಟಲ್ ಮುಟ್ಟದೆ ಬಲಗಡೆಯ ಸ್ಟಿಕ್ಕನ್ನು ಮುಂದಕ್ಕೆ ತಳ್ಳಿದರೆ ಸ್ವಾಶ್‌ಪ್ಲೇಟ್ (ಬ್ಲೇಡುಗಳ ಕೆಳಗಿನ ವಾಲುವ ತಟ್ಟೆ) ಮುಂದಕ್ಕೆ ಬಾಗಬೇಕು, ಬಲಕ್ಕೆ ತಳ್ಳಿದರೆ ಬಲಕ್ಕೆ. ಸ್ಟಿಕ್ ಬಿಟ್ಟಾಗ ಹಿಂದಿನಿಂದ ನೋಡಿದರೂ ಪಕ್ಕದಿಂದ ನೋಡಿದರೂ ಅದು ಮುಖ್ಯ ಶಾಫ್ಟಿಗೆ ನೇರ ಅಡ್ಡವಾಗಿರಬೇಕು. ವಾಲಿದ್ದರೆ ಟ್ರಿಮ್‌ಗೆ ಕೈಹಾಕುವ ಮುಂಚೆ ಆ ತಟ್ಟೆಗೆ ಜೋಡಿಸಿರುವ ಲಿಂಕ್ ಕಡ್ಡಿಗಳನ್ನು ನೋಡಿ. ಬಿದ್ದ ಹೆಲಿಯಲ್ಲಿ ಯಾವುದಾದರೂ ಒಂದು ಗುಂಡಿಯಿಂದ ಕಳಚಿಕೊಂಡಿರುವುದು ಸಾಮಾನ್ಯ. ಉಗುರಿನಿಂದ ಒತ್ತಿದರೆ ಟಿಕ್ ಎಂದು ಕೂರುತ್ತದೆ. ನಿಂತಲ್ಲೇ ಚಿಕ್ಕ ಚಿಕ್ಕ ಸುತ್ತು ಹಾಕುವ ಹೆಲಿಗೆ ಶಾಫ್ಟ್ ಬಾಗಿರುವ ಅನುಮಾನ ಪಡಬೇಕು. ಬಿಚ್ಚಿ ಗಾಜಿನ ಮೇಲೆ ಉರುಳಿಸಿ, ಅಡಿಯಲ್ಲಿ ಬೆಳಕು ಇಣುಕಿ ಮಾಯವಾದರೆ ಹೊಸದು ಹಾಕಿ. ನೇರ ಮಾಡಲು ಹೋಗಬೇಡಿ.

ಹಾರಿಸುವ ಜಾಗ. ಹತ್ತು ಅಡಿಗೆ ಹತ್ತು ಅಡಿ ಕೋಣೆ ಸಾಲದು, ಬ್ಲೇಡಿನ ಗಾಳಿ ಗೋಡೆಗೆ ಬಡಿದು ವಾಪಸ್ ಬಂದು ಹೆಲಿಯನ್ನೇ ತಳ್ಳುತ್ತದೆ. ಅಪಾರ್ಟ್‌ಮೆಂಟಿನ ಕ್ಲಬ್‌ಹೌಸ್ ಹಾಲ್ ಖಾಲಿಯಿದ್ದರೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ, ಫ್ಯಾನ್ ಆರಿಸಿರಲಿ. ಬಯಲಾದರೆ ಬೆಳಗ್ಗೆ ಎಲೆ ಅಲುಗದ ಹೊತ್ತಿನಲ್ಲಿ ಮಾತ್ರ. ಆಷಾಢದ ಗಾಳಿ ಗಾಳಿಪಟಕ್ಕೆ ಸರಿ, 50 ಗ್ರಾಂ ಆಸುಪಾಸಿನ ಈ ಹೆಲಿಗಲ್ಲ. ಬಾಗಿಲ ಮುಂದಿನ ರಂಗೋಲಿ ಪುಡಿಯ ಮೇಲಿಂದಂತೂ ಎಬ್ಬಿಸಲೇಬೇಡಿ. ಆ ಕಲ್ಲಿನ ಪುಡಿ ಮೇಲೆದ್ದು ಮೋಟಾರಿನೊಳಗೆ, ಶಾಫ್ಟಿನ ಸಂದಿಗೆ ಸೇರುತ್ತದೆ. ಮನೆಯೊಳಗಾದರೆ ಉದ್ದ ತಲೆಗೂದಲಿನ ಕಾಟ. ಎರಡು ಸಲ ಹಾರಿಸಿದ ಮೇಲೆ ಬಾಲದ ಮೋಟಾರಿನ ಕಡ್ಡಿಗೆ ಸುತ್ತಿಕೊಂಡಿರುವ ಕೂದಲನ್ನು ಚಿಮಟದಿಂದ ಬಿಡಿಸಿ.

2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನ ನ್ಯಾನೋ ವರ್ಗಕ್ಕೆ ಪೈಲಟ್ ಪರವಾನಗಿ ಬೇಡ. ಹಾಗಂತ ಎಲ್ಲೆಂದರಲ್ಲಿ ಹಾರಿಸಬಹುದೆಂದಲ್ಲ. ಎಚ್‌ಎಎಲ್, ಯಲಹಂಕ ವಾಯುನೆಲೆ, ಜಕ್ಕೂರು ಇವೆಲ್ಲ ಬೆಂಗಳೂರಿನೊಳಗೇ ಇರುವುದರಿಂದ ಬಯಲಿಗೆ ಹೋಗುವ ಮುಂಚೆ ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ನಿಮ್ಮ ಜಾಗ ಯಾವ ಬಣ್ಣದಲ್ಲಿದೆ ನೋಡಿಕೊಳ್ಳಿ.

ಮೇಲೆಬ್ಬಿಸುವಾಗ ಬಾಲ ನಿಮ್ಮ ಕಡೆಗಿರಲಿ, ರಿಮೋಟಿನ ರೇಟ್ (ಸ್ಟಿಕ್ಕಿಗೆ ಹೆಲಿ ಎಷ್ಟು ಚುರುಕಾಗಿ ಸ್ಪಂದಿಸಬೇಕೆಂಬುದು) ಕಡಿಮೆಯದ್ದೇ ಇರಲಿ. ನೆಲದಿಂದ ಒಂದು ಗೇಣು ಎತ್ತರದಲ್ಲಿ ತನ್ನದೇ ಗಾಳಿಯ ದಿಂಬಿನ ಮೇಲೆ ಹೆಲಿ ತೂರಾಡುತ್ತದೆ. ಅಲ್ಲೇ ಒದ್ದಾಡದೆ ಸೊಂಟದೆತ್ತರಕ್ಕೆ ಏರಿಸಿ, ಟ್ರಿಮ್ ಅನ್ನು ಅಲ್ಲಿ ಒಂದೊಂದೇ ಹೆಜ್ಜೆ ಒತ್ತಿ. ನಿಂತಾಗ ತುಸು ಒಂದು ಪಕ್ಕಕ್ಕೆ ವಾಲಿದಂತೆ ಕಂಡರೆ ಅದು ದೋಷವಲ್ಲ, ಬಾಲದ ರೋಟರ್ ತಳ್ಳುವುದಕ್ಕೆ ಅದೇ ಉತ್ತರ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ಇಲ್ಲಿನ ಗಾಳಿ ಸುಮಾರು ಹತ್ತನೇ ಒಂದು ಪಾಲು ತೆಳು. ಆದ್ದರಿಂದ ಕರಾವಳಿಯಲ್ಲಿ ಸಾಕಾಗುವುದಕ್ಕಿಂತ ತುಸು ಹೆಚ್ಚು ಥ್ರಾಟಲ್ ಬೇಕು. ಕಂಪನಿ ಹೇಳುವ 7-8 ನಿಮಿಷವನ್ನು ನೆಚ್ಚದೆ ಮೊಬೈಲಿನಲ್ಲಿ 5 ನಿಮಿಷಕ್ಕೆ ಅಲಾರಂ ಇಡಿ.

ಬೀಳುತ್ತದೆ ಎನ್ನಿಸಿದ ಕ್ಷಣ ಥ್ರಾಟಲ್ ಸೊನ್ನೆಗೆ. ಇದೊಂದು ಅಭ್ಯಾಸ ಬರದಿದ್ದರೆ ಉಳಿದದ್ದೆಲ್ಲ ವ್ಯರ್ಥ. ಸೋಫಾದ ಸಂದಿಯಲ್ಲಿ ಬ್ಲೇಡ್ ಸಿಕ್ಕಿಕೊಂಡಿರುವಾಗ ಥ್ರಾಟಲ್ ಏರಿಯೇ ಇದ್ದರೆ ತಿರುಗಲಾಗದ ಮೋಟಾರು ಕರೆಂಟು ಎಳೆದೆಳೆದು ತಾನೂ ಸುಡುತ್ತದೆ, ಬೋರ್ಡನ್ನೂ ಸುಡುತ್ತದೆ. ಬ್ಲೇಡ್ ಮುರಿದರೆ ಚಿಲ್ಲರೆ ಖರ್ಚು, ಬೋರ್ಡ್ ಹೋದರೆ ಹಾಗಲ್ಲ.

ಬ್ರಷ್ ಇರುವ ಕೋರ್‌ಲೆಸ್ ಮೋಟಾರುಗಳು ಸವೆಯುವ ಮಾಲು. ಅದರಲ್ಲೂ ಬಾಲದ್ದು ಬೇಗ ಸೊರಗುತ್ತದೆ. ಥ್ರಾಟಲ್ ಏರಿಸಿದಾಗ ಹೆಲಿಯ ಮೈ ಬ್ಲೇಡಿನ ವಿರುದ್ಧ ದಿಕ್ಕಿಗೆ ಬುಗುರಿಯಂತೆ ತಿರುಗತೊಡಗಿದರೆ, ಬ್ಯಾಟರಿ ತುಂಬಿದ್ದರೂ ಹಾಗೇ ಆದರೆ, ಬಾಲದ ಮೋಟಾರು ಮುಗಿಯಿತೆಂದು ತಿಳಿಯಿರಿ. ಎರಡು ಹಾರಾಟಗಳ ನಡುವೆ ಹತ್ತು ನಿಮಿಷ ಆರಲು ಬಿಟ್ಟರೆ ಇನ್ನಷ್ಟು ದಿನ ಬಾಳುತ್ತದೆ. ಹೆಲಿ ಕೊಳ್ಳುವಾಗಲೇ ಒಂದು ಬಾಲದ ಮೋಟಾರು, ಎರಡು ಜೋಡಿ ಬ್ಲೇಡ್, ಎರಡು ಬ್ಯಾಟರಿ ಜೊತೆಗೆ ತಗೊಳ್ಳಿ. ಬಿಡಿಭಾಗ ಇಡದ ಅಂಗಡಿಯಲ್ಲಿ ಹೆಲಿ ಅಗ್ಗವಾಗಿ ಸಿಕ್ಕರೂ ಅದು ಅಗ್ಗವಲ್ಲ.

ಬ್ಯಾಟರಿ 3.7 ವೋಲ್ಟ್, 250 ಎಂಎಎಚ್‌ನ ಒಂದೇ ಸೆಲ್ಲಿನ ಲೈಪೋ (ಲಿಥಿಯಂ ಪಾಲಿಮರ್). 4.2 ವೋಲ್ಟಿಗೆ ತುಂಬುತ್ತದೆ. ಹಾರಿಸದೆ ವಾರಗಟ್ಟಲೆ ಇಡುವುದಾದರೆ 3.8ರ ಹತ್ತಿರ ಇಡಿ. ಪೂರ್ತಿ ತುಂಬಿಸಿಟ್ಟರೆ ಊದಿಕೊಳ್ಳುತ್ತದೆ. ಹಾರಿ ಬಂದ ಬಿಸಿ ಬ್ಯಾಟರಿಯನ್ನು ತಕ್ಷಣ ಚಾರ್ಜಿಗೆ ಹಾಕಬೇಡಿ. ಬೆಂಗಳೂರಿನ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಇದೇ ಅಳತೆಯ ಬೇರೆ ಬ್ಯಾಟರಿ ಹುಡುಕುವವರು ಹಳೆಯದನ್ನು ಜೊತೆಗೆ ಒಯ್ದು ಪ್ಲಗ್ ಹೋಲಿಸಿ, ಕೆಂಪು ಕಪ್ಪು ತಂತಿಗಳು ಅದೇ ಬದಿಗಿವೆಯೇ ಎಂದು ಮಲ್ಟಿಮೀಟರಿನಲ್ಲಿ ನೋಡಿಯೇ ತನ್ನಿ. ಪ್ಲಗ್ ಸರಿಯಾಗಿ ಕೂತರೂ ತಂತಿ ಅದಲು ಬದಲಾಗಿರಬಹುದು.