ವೆಲ್ಡಿಂಗ್‌ಗೆ ಬಳಸುವ ತಾಪಮಾನ ಸೂಚಕ ಕಡ್ಡಿ: ಕೆಳಮಿತಿಗೆ ಸರಿ, ಮೇಲ್ಮಿತಿಗೆ ಸಾಲದು

ದಪ್ಪ ಉಕ್ಕಿನ ಪ್ಲೇಟುಗಳನ್ನು ವೆಲ್ಡ್ ಮಾಡುವವರ ಜೇಬಿನಲ್ಲಿ ಇರಲೇಬೇಕಾದ ಸಾಧನಗಳಲ್ಲಿ ಬಳಪದ ರೂಪದ ತಾಪಮಾನ ಸೂಚಕ ಕಡ್ಡಿಯೂ ಒಂದು. ಪ್ರತಿಯೊಂದು ಕಡ್ಡಿಯೂ ತನ್ನ ಮೇಲೆ ಬರೆದಿರುವ ಉಷ್ಣತೆಯಲ್ಲಿ ಕರಗುವಂತೆ ತಯಾರಾಗಿರುತ್ತದೆ, ಉತ್ತಮ ಗುಣಮಟ್ಟದವುಗಳಲ್ಲಿ ವ್ಯತ್ಯಾಸ ಸುಮಾರು ಶೇಕಡಾ 1ರಷ್ಟು ಮಾತ್ರ. ಬ್ಯಾಟರಿ ಬೇಡ, ಕೆಳಗೆ ಬಿದ್ದರೆ ಕೆಡುವ ಭಯವಿಲ್ಲ, ಬೆಲೆಯೂ ಕಡಿಮೆ. ಬಿಸಿಯಾದ ಉಕ್ಕಿನ ಮೇಲೆ ಅದರಿಂದ ಗೀಟು ಎಳೆದಾಗ ಗೀಟು ಕರಗಿದರೆ, ಉಕ್ಕು ಆ ಉಷ್ಣತೆಯನ್ನು ಮುಟ್ಟಿದೆ ಎಂದರ್ಥ. ಆದರೆ ಜೋಡಣೆಯ ಗುಣ ನಿರ್ಧಾರವಾಗುವುದು ಕೆಳಮಿತಿ, ಮೇಲ್ಮಿತಿ ಎಂಬ ಎರಡು ಉಷ್ಣತೆಗಳ ನಡುವೆ. ಈ ಕಡ್ಡಿ ಅವುಗಳಲ್ಲಿ ಒಂದನ್ನು ಮಾತ್ರ ಚೆನ್ನಾಗಿ ಕಾಯುತ್ತದೆ ಎಂಬುದು ನನ್ನ ಅಭಿಪ್ರಾಯ.

ಮೊದಲು ಅದರ ಬಲವನ್ನು ಹೇಳುತ್ತೇನೆ. ವೆಲ್ಡಿಂಗ್‌ಗೆ ಮುಂಚೆ ಪ್ಲೇಟನ್ನು ಬಿಸಿ ಮಾಡುವ, ಅಂದರೆ ಪ್ರೀಹೀಟ್‌ನ ಉದ್ದೇಶ, ಜೋಡಣೆ ಒಮ್ಮೆಲೇ ತಣ್ಣಗಾಗದಂತೆ ತಡೆಯುವುದು. ವೇಗವಾಗಿ ತಣಿದರೆ ವೆಲ್ಡ್‌ನ ಪಕ್ಕದ ಉಕ್ಕು ಮಾರ್ಟೆನ್ಸೈಟ್ ಎಂಬ ಪೆಡಸು ರೂಪಕ್ಕೆ ತಿರುಗಿ ಗಡುಸಾಗುತ್ತದೆ, ಒಳಗೆ ಸೇರಿದ ಹೈಡ್ರೋಜನ್ ಹೊರಹೋಗಲು ಸಮಯ ಸಿಗುವುದಿಲ್ಲ, ಕೆಲವು ಗಂಟೆಗಳ ಅಥವಾ ದಿನಗಳ ನಂತರ ಕಣ್ಣಿಗೆ ಕಾಣದ ಬಿರುಕು ಮೂಡುತ್ತದೆ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ 1961ರಲ್ಲಿ ತೆರೆದ ಕಿಂಗ್ ಸ್ಟ್ರೀಟ್ ಸೇತುವೆಯ ತೊಲೆಗಳು 1962ರ ಜುಲೈನ ಒಂದು ಚಳಿಯ ದಿನ ಒಡೆದದ್ದು, ತೊಲೆಗೆ ಬಲ ಕೊಡಲು ಬೆಸೆದ ಹೆಚ್ಚುವರಿ ಪಟ್ಟಿಯಾದ ಕವರ್ ಪ್ಲೇಟಿನ ತುದಿಯ ವೆಲ್ಡ್ ಅಂಚಿನಲ್ಲಿ ಮೊದಲೇ ಇದ್ದ ಇಂಥ ಬಿರುಕುಗಳಿಂದಲೇ. ಪ್ಲೇಟು ಕನಿಷ್ಠ ಬಿಸಿಯನ್ನು ಮುಟ್ಟಿದೆಯೋ ಇಲ್ಲವೋ ಎಂಬ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂಬ ಉತ್ತರ ಸಾಕು. ಕಡ್ಡಿ ಆ ಉತ್ತರವನ್ನು ಸ್ಪಷ್ಟವಾಗಿ ಕೊಡುತ್ತದೆ.

ಬಳಸುವ ಕ್ರಮ ಮಾತ್ರ ಸರಿಯಿರಬೇಕು. ಉರಿ ನೇರವಾಗಿ ತಾಗುವ ಜಾಗದಲ್ಲಿ ಗೀಟು ಎಳೆದರೆ ಕಡ್ಡಿಯನ್ನು ಕರಗಿಸುವುದು ಉರಿಯೇ ಹೊರತು ಉಕ್ಕಲ್ಲ. ಸಾಧ್ಯವಾದರೆ ಬಿಸಿ ಮಾಡಿದ ಬದಿಯ ಹಿಂಭಾಗದಲ್ಲಿ ಪರೀಕ್ಷಿಸಬೇಕು. ಆಗದಿದ್ದರೆ ಉರಿ ತೆಗೆದ ಬಳಿಕ ಪ್ರತಿ 25 ಮಿ.ಮೀ. ದಪ್ಪಕ್ಕೆ 2 ನಿಮಿಷದಂತೆ ಕಾಯಬೇಕೆಂದು ವೆಲ್ಡಿಂಗ್ ಉಷ್ಣತೆ ಅಳೆಯುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 13916 ಹೇಳುತ್ತದೆ. ಗೀಟಿನ ಬಣ್ಣ ಬದಲಾದುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು, ಅದು ಒದ್ದೆಯಾಗಿ ಹೊಳೆಯಬೇಕು.

ಕೊರತೆ ಕಾಣುವುದು ಇಂಟರ್‌ಪಾಸ್ ಉಷ್ಣತೆಯಲ್ಲಿ, ಅಂದರೆ ಒಂದು ಪಾಸ್ (ವೆಲ್ಡ್‌ನ ಒಂದು ಪದರ) ಮುಗಿದು ಮುಂದಿನದನ್ನು ಹಾಕುವ ಮುನ್ನ ಜೋಡಣೆಯಲ್ಲಿ ಉಳಿದಿರುವ ಬಿಸಿಯಲ್ಲಿ. ಪೆಟ್ಟು ತಾಳುವ ಶಕ್ತಿ ಹೆಚ್ಚಾಗಿ ಹಾಳಾಗುವುದು ಇಲ್ಲೇ. ಸಾಮಾನ್ಯ ಕಾರ್ಬನ್-ಮ್ಯಾಂಗನೀಸ್ ಉಕ್ಕಿಗೆ 250 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಮೇಲ್ಮಿತಿ ಇಡುವುದು ರೂಢಿ. ಅದನ್ನು ದಾಟಿದ ಜೋಡಣೆಯ ಮೇಲೆ ಹೆಚ್ಚಿನ ಕರೆಂಟಿನಲ್ಲಿ, ನಿಧಾನ ವೇಗದಲ್ಲಿ ಮತ್ತೊಂದು ಪಾಸ್ ಹಾಕಿದರೆ 800ರಿಂದ 500 ಡಿಗ್ರಿಗೆ ಇಳಿಯುವ ಅವಧಿ ಹಿಗ್ಗುತ್ತದೆ, ಕಣಗಳು ಒರಟಾಗಿ ಬೆಳೆಯುತ್ತವೆ, ವೆಲ್ಡ್ ಲೋಹದಲ್ಲಿ ಪೆಟ್ಟು ತಾಳುವ ಗುಣ ಕೊಡುವ ಸೂಜಿಯಂಥ ಸೂಕ್ಷ್ಮ ಫೆರೈಟ್ (ಉಕ್ಕಿನೊಳಗಿನ ಕಬ್ಬಿಣದ ಒಂದು ರೂಪ) ಕಡಿಮೆಯಾಗಿ ಕಣಗಳ ಗಡಿಯಲ್ಲಿ ದಪ್ಪ ಫೆರೈಟ್ ಕೂರುತ್ತದೆ. ಬಲಪರೀಕ್ಷೆಯಲ್ಲಿ ಎಳೆತಕ್ಕೆ ತಡೆದುಕೊಳ್ಳುವ ಇಂಥ ಜೋಡಣೆ, 10 ಮಿ.ಮೀ. ಚೌಕದ ತುಂಡಿಗೆ 2 ಮಿ.ಮೀ. ಆಳದ ಕಚ್ಚು ಹಾಕಿ ತಣ್ಣಗಿನ ಸ್ಥಿತಿಯಲ್ಲಿ ಹೊಡೆಯುವ ಚಾರ್ಪಿ ಪರೀಕ್ಷೆಯಲ್ಲಿ ಸೋಲಬಹುದು. ವೆಲ್ಡ್ ಹೊರನೋಟಕ್ಕೆ ಎಷ್ಟೇ ಅಂದವಾಗಿದ್ದರೂ ಈ ದೋಷ ಕಾಣುವುದಿಲ್ಲವೆಂಬುದೇ ನನ್ನ ಆತಂಕಕ್ಕೆ ಕಾರಣ.

ಇಲ್ಲಿ ಕಡ್ಡಿ ಹೇಳುವುದು ಅರ್ಧ ಮಾತು. 250ರ ಕಡ್ಡಿ ಕರಗಿತೆಂದರೆ ಜೋಡಣೆ 260ರಲ್ಲಿದೆಯೋ 380ರಲ್ಲಿದೆಯೋ ಗೊತ್ತಾಗುವುದಿಲ್ಲ, ಎಷ್ಟು ಹೊತ್ತು ಕಾಯಬೇಕೆಂಬುದೂ ತಿಳಿಯುವುದಿಲ್ಲ. ಪಾಸ್ ಹಾಕುವ ಮುಂಚೆ ಎಳೆದಿಟ್ಟ ಗೀಟು ಆರ್ಕ್ ಹಾದುಹೋಗುವಾಗ ಕರಗಿ ಮತ್ತೆ ಗಟ್ಟಿಯಾಗುತ್ತದೆ. ಆ ಹೊಳಪಿನ ಕಲೆ ಆಗಿನ ಬಿಸಿಯನ್ನು ಹೇಳೀತೇ ಹೊರತು ಈಗಿನದನ್ನಲ್ಲ. ಹಾಗಾಗಿ ಪ್ರತಿಸಲವೂ ಹೊಸ ಗೀಟು ಎಳೆಯಬೇಕು, ಅದೂ ವೆಲ್ಡ್ ತುಂಬುವ ಗ್ರೂವ್‌ನ ಒಳಗಲ್ಲ, ಪಕ್ಕದಲ್ಲಿ. ಕಡ್ಡಿಯ ಶೇಷ ವೆಲ್ಡ್‌ಗೆ ಸೇರಕೂಡದು. ಸ್ಟೇನ್‌ಲೆಸ್ ಸ್ಟೀಲ್‌ಗಾದರೆ ಗಂಧಕ, ಕ್ಲೋರೀನ್, ಸೀಸ ಮುಂತಾದವು ಕಡಿಮೆಯಿರುವ ಕಡ್ಡಿಯನ್ನೇ ಕೇಳಿ ಪಡೆಯಬೇಕು.

ಕಡ್ಡಿಯ ಬದಲು, ಮುಟ್ಟದೆ ದೂರದಿಂದಲೇ ಉಷ್ಣತೆ ಓದುವ ಇನ್‌ಫ್ರಾರೆಡ್ ಗನ್ ಸಾಲದೇ ಎಂದು ಕೇಳುವವರಿದ್ದಾರೆ. ಗ್ರೈಂಡ್ ಮಾಡಿದ ಹೊಳೆಯುವ ಉಕ್ಕು ಶಾಖವನ್ನು ಕಡಿಮೆ ಸೂಸುವುದರಿಂದ, ಎಮಿಸಿವಿಟಿ (ಮೇಲ್ಮೈ ಶಾಖ ಸೂಸುವ ಪ್ರಮಾಣ) 0.95ಕ್ಕೆ ನಿಗದಿಯಾದ ಅಗ್ಗದ ಗನ್ ನಿಜಕ್ಕಿಂತ ಬಹಳ ಕಡಿಮೆ ಅಂಕಿ ತೋರಿಸುತ್ತದೆ. ಮೇಲ್ಮಿತಿ ಕಾಯುವಾಗ ಇದಕ್ಕಿಂತ ಅಪಾಯಕಾರಿ ತಪ್ಪು ಮತ್ತೊಂದಿಲ್ಲ. ಮೇಲ್ಮೈಗೆ ತಾಗಿಸಿ ಓದುವ ಥರ್ಮೋಕಪಲ್ ಥರ್ಮಾಮೀಟರ್ ದುಬಾರಿಯಾದರೂ, ಆಗಾಗ ಕ್ಯಾಲಿಬ್ರೇಶನ್ ಬೇಡಿದರೂ, ಬಿಸಿ ಇಳಿಯುತ್ತಿರುವುದನ್ನು ಅಂಕಿಯಲ್ಲೇ ತೋರಿಸುತ್ತದೆ.

ಸಾಮಾನ್ಯ ಚೌಕಟ್ಟು, ಬ್ರಾಕೆಟ್‌ಗಳಂಥ ಕೆಲಸಕ್ಕೆ ಪ್ರೀಹೀಟ್‌ನ ಒಂದು ಕಡ್ಡಿ, ಇಂಟರ್‌ಪಾಸ್‌ನ ಒಂದು ಕಡ್ಡಿ ಕೊಂಡರೆ ಸಾಕು. ಚಾರ್ಪಿ ಫಲಿತಾಂಶ ಕೇಳುವ ಕೆಲಸಕ್ಕೆ, ಕ್ವೆಂಚ್ ಮತ್ತು ಟೆಂಪರ್ ಮಾಡಿದ (ಕಾಯಿಸಿ ಒಮ್ಮೆಲೇ ತಣಿಸಿ ಮತ್ತೆ ಹದವಾಗಿ ಬಿಸಿ ಮಾಡಿದ) ಉಕ್ಕಿಗೆ, ಪ್ರೀಹೀಟ್ ಕಡ್ಡಿಯ ಜೊತೆಗೆ ಥರ್ಮೋಕಪಲ್ ಥರ್ಮಾಮೀಟರನ್ನೂ ಕೊಳ್ಳಿ, ಪ್ರತಿ ಪಾಸ್‌ನ ಅಂಕಿಯನ್ನು ಕರೆಂಟ್, ವೋಲ್ಟೇಜ್, ವೇಗಗಳ ಪಕ್ಕದಲ್ಲೇ ಬರೆದಿಡಿ.