ಅಲಾಟ್‌ಮೆಂಟ್ ಹಾರ್ಸ್‌ರಾಡಿಶ್ ರಿವ್ಯೂ: ಬಾಟಲಿ ಸಾಸ್‌ಗಿಂತ ಅಗೆದು ತಂದ ಬೇರೇ ಮೇಲು

ಇಂಗ್ಲೆಂಡಲ್ಲಿ ಕೌನ್ಸಿಲ್ ಅಲಾಟ್‌ಮೆಂಟ್, ಅಂದ್ರೆ ತರಕಾರಿ ಬೆಳೆಯೋಕೆ ಬಾಡಿಗೆಗೆ ಕೊಡೋ ತುಂಡು ಜಮೀನು, ತಗೊಂಡು ತರಕಾರಿ ಬೆಳೀತಿರೋ ನಮ್ಮವರಿಗೆ ಈ ರಿವ್ಯೂ. ಪೂರ್ತಿ ಪ್ಲಾಟ್ ಅಂದ್ರೆ ಹಳೇ ಅಳತೇಲಿ 10 ರಾಡ್, ಸುಮಾರು 250 ಚದರ ಮೀಟರ್, ಈಗ ಬಹಳ ಕಡೆ ಅರ್ಧವೇ ಕೊಡೋದು. ಕೀ ಕೈಗೆ ಬಂದ ತಕ್ಷಣ ಎಲ್ಲರೂ ಮಾಡೋ ಕೆಲಸ ಒಂದೇ, ಮೂಲೇಲಿ ಪೊದೆ ಥರ ನಿಂತಿರೋ ದೊಡ್ಡೆಲೆ ಗಿಡಕ್ಕೆ ಕಳೆನಾಶಕ ಹೊಡೆಯೋದು. ದಯವಿಟ್ಟು ಹೊಡೀಬೇಡಿ, ಅದು ಹಾರ್ಸ್‌ರಾಡಿಶ್, ಅಂದ್ರೆ ಸಾಸಿವೆ ಥರ ಘಾಟಿರೋ ಬೇರಿನ ಗಿಡ, ಇರಬಹುದು, ಆ ಪ್ಲಾಟಲ್ಲಿ ನಿಮಗೆ ಪುಕ್ಕಟೆ ಸಿಗೋ ಅತ್ಯಂತ ರುಚಿಯಾದ ವಸ್ತು ಅದೇ.

ಮೊದಲು ಗುರುತು ಹಿಡಿಯೋದು. ಡಾಕ್ ಅನ್ನೋ ಕಳೆ ಎಲೆ ನೋಡೋಕೆ ಹಾಗೇ ಇರತ್ತೆ, ಆದ್ರೆ ಹಾರ್ಸ್‌ರಾಡಿಶ್ ಎಲೆ ಹೊಳಪಾಗಿರತ್ತೆ, ಅಂಚು ಸಣ್ಣ ಸಣ್ಣ ಹಲ್ಲು ಹಲ್ಲಾಗಿ ಅಲೆ ಅಲೆಯಾಗಿರತ್ತೆ, ಒಂದು ಚೂರು ಹರಿದು ಬೆರಳಲ್ಲಿ ಉಜ್ಜಿದ್ರೆ ಸಾಸಿವೆ ಘಾಟು ಬರತ್ತೆ, ಡಾಕ್‌ಗೆ ಆ ಘಾಟು ಇಲ್ಲ. ಎಲೆ ಪೂರ್ತಿ ಒಣಗಿದ ಮೇಲೆ ಬರೀ ಬೇರು ನೋಡಿ ಅಂದಾಜಲ್ಲಿ ಅಗೀಬೇಡಿ. 1856ರಲ್ಲಿ ಸ್ಕಾಟ್‌ಲೆಂಡಿನ ಡಿಂಗ್‌ವಾಲ್ ಊರಲ್ಲಿ ಹಾರ್ಸ್‌ರಾಡಿಶ್ ಅಂತ ತಿಳಿದು ಮಾಂಕ್ಸ್‌ಹುಡ್ ಅನ್ನೋ ವಿಷದ ಗಿಡದ ಬೇರಿನ ಸಾಸ್ ಮಾಡಿ ಊಟಕ್ಕೆ ಕೂತವರಲ್ಲಿ ಮೂವರು ಸತ್ತುಹೋದ್ರು, ಅದು ನಮ್ಮ ಕಡೆ ವತ್ಸನಾಭಿ ಅಂತಾರಲ್ಲ ಅದರ ಜಾತೀದೇ. ಅದಕ್ಕೆ ಬೇಸಿಗೇಲೇ ಗಿಡದ ಪಕ್ಕ ಒಂದು ಕೋಲು ನೆಟ್ಟಿಡಿ, ಅಕ್ಟೋಬರ್ ಆದ್ಮೇಲೆ ಅಗೀರಿ.

ಈಗ ರುಚಿ. ಬೇರು ಹೊರಗೆ ಮಣ್ಣು ಬಣ್ಣ, ಒಳಗೆ ಬೆಳ್ಳಗೆ, ಸುಮ್ನೆ ಹಿಡ್ಕೊಂಡ್ರೆ ವಾಸನೇನೇ ಇಲ್ಲ. ತುರಿದ ಕ್ಷಣ ಕಣ್ಣಲ್ಲಿ ನೀರು. ಜೀವಕೋಶ ಒಡೆದಾಗ ಒಳಗಿರೋ ಸಿನಿಗ್ರಿನ್ ಅನ್ನೋ ವಸ್ತುವಿಗೆ ಮೈರೋಸಿನೇಸ್ ಅನ್ನೋ ಎಂಜೈಮ್ ತಾಗಿ ಘಾಟಿನ ಎಣ್ಣೆ ಹುಟ್ಟತ್ತೆ, ನಮ್ಮ ಸಾಸಿವೆ ಅರೆದಾಗ ಬರೋ ಘಾಟೂ ಇದೇ. ಮೆಣಸಿನಕಾಯಿ ಖಾರ ನಾಲಿಗೇಲಿ ಕೂತ್ಕೊಳ್ಳತ್ತೆ, ಇದು ಸೀದಾ ಮೂಗಿಗೆ ಏರಿ ನೆತ್ತಿಗೆ ಹತ್ತಿ ಸ್ವಲ್ಪ ಹೊತ್ತಲ್ಲಿ ಮಾಯ. ತುರಿದ ಕೂಡ್ಲೇ ವಿನಿಗರ್ ಹಾಕಿದ್ರೆ ಎಂಜೈಮ್ ಅಲ್ಲಿಗೇ ನಿಲ್ಲತ್ತೆ, ಮೆತ್ತಗಿನ ಖಾರ. ಎರಡು ಮೂರು ನಿಮಿಷ ಬಿಟ್ಟು ಹಾಕಿದ್ರೆ ಜೋರು. ಮಿಕ್ಸಿಗೆ ಹಾಕೋರು ಜಾರ್ ಮುಚ್ಚಳ ತೆಗೆಯುವಾಗ ಮುಖ ಆ ಕಡೆ ತಿರುಗಿಸ್ಕೊಳ್ಳಿ, ಕಿಟಕಿ ತೆಗೆದಿರಲಿ.

ಸೂಪರ್‌ಮಾರ್ಕೆಟ್ ಬಾಟಲಿ ಸಾಸ್‌ಗೆ ನನ್ನ ಮಾರ್ಕ್ಸ್ 5ಕ್ಕೆ 2. ಸಕ್ಕರೆ, ಎಣ್ಣೆ, ಕ್ರೀಮೇ ಮುಂದೆ ಬಂದು ಘಾಟು ಹಿಂದೆ ಉಳಿಯತ್ತೆ, ಬಹಳಷ್ಟರಲ್ಲಿ ಮೊಟ್ಟೇನೂ ಇರತ್ತೆ, ತಿನ್ನದೋರು ಲೇಬಲ್ ಓದಿ. ಪೋಲಿಷ್ ಅಂಗಡೀಲಿ ಸಿಗೋ ಖ್ಶಾನ್ (ಹಾರ್ಸ್‌ರಾಡಿಶ್‌ಗೆ ಪೋಲಿಷ್ ಹೆಸರು) ಬಾಟಲಿ ಎಷ್ಟೋ ವಾಸಿ, ಅದಕ್ಕೆ 4, ಪ್ಲಾಟ್ ಇಲ್ಲದೋರು ಅದನ್ನೇ ತಗೊಳ್ಳಿ. ತಾಜಾ ಬೇರಿಗೆ 5ಕ್ಕೆ 5 ಕೊಡ್ತೀನಿ, ಕಣ್ಣು ಮುಚ್ಕೊಂಡು.

ಇಂಗ್ಲಿಷರು ಇದನ್ನ ರೋಸ್ಟ್ ಬೀಫ್ ಜೊತೆ ತಿಂತಾರೆ, ಭಾರತದಲ್ಲಿದ್ದಾಗ ಇದು ಸಿಗದೆ ನುಗ್ಗೆ ಬೇರು ತುರಿದು ತಿಂತಿದ್ರು. ನಮ್ಮನೇಲಿ ಇದು ಹೋಗೋದು ಸೌತೆಕಾಯಿ ಸಾಸಿವೆಗೆ. ತೆಂಗಿನ ತುರಿ, ಒಂದು ಹಸಿಮೆಣಸಿನಕಾಯಿ, ಚೂರು ಬೆಲ್ಲ ನುಣ್ಣಗೆ ಅರೆದು, ಹಸಿ ಸಾಸಿವೆ ಬದಲು ಒಂದು ಟೀ ಚಮಚ ಹಾರ್ಸ್‌ರಾಡಿಶ್ ತುರಿ ಹಾಕಿ ಇನ್ನೊಂದು ಸುತ್ತು ತಿರುಗಿಸಿ, ಹೆಚ್ಚಿದ ಸೌತೆಕಾಯಿ, ಉಪ್ಪು, ಮೊಸರು ಕಲಸೋದು ಅಷ್ಟೇ. ಒಗ್ಗರಣೆ ಪೂರ್ತಿ ಆರಿದ ಮೇಲೇ ಹಾಕಿ, ಬಿಸಿ ತಾಗಿದ್ರೆ ಘಾಟು ಹೊರಟೋಗತ್ತೆ. ನಮ್ಮತ್ತೆ ಮಲೆನಾಡಿನವರು, ಸಾಸಿವೆ ವಿಷಯದಲ್ಲಿ ಸುಲಭಕ್ಕೆ ಒಪ್ಪೋರಲ್ಲ, ಊರಿಂದ ಬಂದಿದ್ದಾಗ ಬಿಸಿ ಅನ್ನಕ್ಕೆ ಎರಡನೇ ಸಲ ಬಡಿಸ್ಕೊಂಡು "ಇದು ಸಾಸಿವೆಗಿಂತ ಚುರುಕಾಗಿದೆ ಕಣೇ, ಕಹಿ ಇಲ್ಲ" ಅಂದ್ರು.

ಅದೇ ಪ್ಲಾಟಲ್ಲಿ ತಾನಾಗೇ ಬರೋ ಫ್ಯಾಟ್ ಹೆನ್ ಅನ್ನೋದು ನಮ್ಮ ಚಕ್ಕೋತ ಸೊಪ್ಪು ಕಣ್ರೀ, ಎಳೆ ಕುಡಿ ಮೇಲೆ ಬಿಳಿ ಹಿಟ್ಟು ಉದುರಿಸಿದಂಗೆ ಇರತ್ತೆ. ತೊಗರಿಬೇಳೆ ಹಾಕಿ ಮಸ್ಸೊಪ್ಪು ಮಾಡಿದ್ರೆ ಊರಿನ ರುಚೀನೇ, ಇದನ್ನ ಕಿತ್ತು ಕಾಂಪೋಸ್ಟ್‌ಗೆ ಹಾಕ್ತಾರಲ್ಲ ಅಂತ ಸಂಕಟ ಆಗತ್ತೆ. ನೆಟಲ್ ಅಂದ್ರೆ ಮುಟ್ಟಿದ್ರೆ ತುರಿಸೋ ಗಿಡ, ಮಾರ್ಚ್‌ನಿಂದ ಹೂ ಬಿಡೋವರೆಗೆ ಗ್ಲೌಸ್ ಹಾಕ್ಕೊಂಡು ತುದಿ ನಾಲ್ಕೆಲೆ ಮಾತ್ರ ಚಿವುಟಿ, ಕುದಿಯೋ ನೀರಿಗೆ ಹಾಕಿದ್ರೆ ತುರಿಕೆ ಹೋಗತ್ತೆ, ಬಸಿದ ನೀರಲ್ಲಿ ಬಸ್ಸಾರು, ಸೊಪ್ಪು ಪಲ್ಯಕ್ಕೆ. ಹೂ ಬಿಟ್ಟ ಮೇಲೆ ಬೇಡ. ಬೇಲಿ ಬ್ಲ್ಯಾಕ್‌ಬೆರಿ ಗೊಜ್ಜಿಗೆ ಪರವಾಗಿಲ್ಲ, ಬೀಜ ಜಾಸ್ತಿ.

ಹಾರ್ಸ್‌ರಾಡಿಶ್‌ದು ಒಂದೇ ತಕರಾರು, ಬೆರಳುದ್ದ ಬೇರು ಮಣ್ಣಲ್ಲಿ ಉಳಿದ್ರೂ ಮತ್ತೆ ಚಿಗುರತ್ತೆ, ಹಾಗಾಗಿ ಪವರ್ ಟಿಲ್ಲರ್ ಹೊಡೆಸಿದ್ರೆ ಪ್ಲಾಟ್ ತುಂಬಾ ಅದೇ. ಚೂರುಗಳನ್ನ ಕಾಂಪೋಸ್ಟ್‌ಗೂ ಹಾಕ್ಬೇಡಿ. ಹೊಸದಾಗಿ ನೆಡೋದಾದ್ರೆ ಆಳವಾದ ಬಕೆಟ್‌ಗೆ ತೂತು ಹಾಕಿ ಅದರಲ್ಲಿ ನೆಡಿ. ರೈಲ್ವೆ ಹಳಿ ಪಕ್ಕ, ರಸ್ತೆ ಬದೀಲೂ ರಾಶಿ ಬೆಳೆದಿರತ್ತೆ ನಿಜ, ಆದ್ರೆ ಜಾಗದ ಮಾಲೀಕರ ಒಪ್ಪಿಗೆ ಇಲ್ಲದೆ ಕಾಡುಗಿಡ ಬೇರುಸಮೇತ ಕೀಳೋದು 1981ರ ವನ್ಯಜೀವಿ ಕಾಯ್ದೆ ಪ್ರಕಾರ ತಪ್ಪು, ಅಲ್ಲಿಗೆ ಹೋಗಬೇಡಿ. ಪಕ್ಕದ ಪ್ಲಾಟ್‌ನವರನ್ನ ಒಂದು ತುಂಡು ಕೇಳಿ, ಅವರ ಹತ್ರ ಬೇಕಾದಷ್ಟು ಇರತ್ತೆ, ಖುಷಿಯಿಂದ ಕೊಡ್ತಾರೆ.